ಗುಂಡುಪಿನ್ನು ಅಜ್ಜಿಯ ಮುಂದೆ ಮೂಗೆಳೆದದ್ದೇಕೆ?

ಮಾನ್ಯ ವಾಹಿನಿ ಮುಖ್ಯಸ್ಥರೇ,

ನಮ್ಮ ಗುಂಡುಪಿನ್ನಿನ ಬಾಯಲ್ಲಿ ಈಗ ಮಾತಾಡುತ್ತಿರುವುದು ಯಾರು? ತಮ್ಮ ಕ್ಷೇಮಸಮಾಚಾರವನ್ನು ಆಮೇಲೆ ವಿಚಾರಿಸುತ್ತೇನೆ, ಉತ್ತರ ಸಮಾಧಾನ ತಂದರೆ.

ತಮ್ಮ ಕಾರ್ಟೂನು ಧಾರಾವಾಹಿಯನ್ನು ತಾವೇ ನೋಡುವಷ್ಟು ಪುರಸೊತ್ತು ತಮಗಿರಲಾರದು, ಆದ್ದರಿಂದ ಪರಿಚಯ ನಾನೇ ಮಾಡಿಕೊಡುತ್ತೇನೆ. ಎಲ್ಲಿಗೂ ಹೊತ್ತಿಗೆ ಸರಿಯಾಗಿ ತಲುಪದ ಗಡಿಯಾರ ರಿಪೇರಿಯ ಅಪ್ಪ, ಸ್ಕೂಟರ್ ಓಡಿಸುವ ಅಜ್ಜಿ, ಗುಂಡುಪಿನ್ನು ಎಂಬ ಮೊಮ್ಮಗ. ನನ್ನ ತಲೆಯಲ್ಲಿ ಕೂದಲಿದ್ದ ಕಾಲಕ್ಕೆ ಮೂರನೇ ಕ್ಲಾಸಿಗೆ ಸೇರಿದ ಈ ಹುಡುಗ ಇನ್ನೂ ಅಲ್ಲೇ ಇದ್ದಾನೆ. ಅದಕ್ಕೆ ನನ್ನ ತಕರಾರಿಲ್ಲ. ಕಾರ್ಟೂನಿನವರಿಗೆ ವಯಸ್ಸಾಗುವುದಿಲ್ಲ, ಅವರ ಪಾಲಿನದೂ ನಮಗೇ ಆಗುತ್ತದೆ.

ಅವನ ದನಿ ನನ್ನ ಅಕ್ಕನದು. ಹುಡುಗರ ಪಾತ್ರಕ್ಕೆ ಹೆಂಗಸರು ದನಿ ಕೊಡುವುದು ಈ ಕಸುಬಿನ ವಾಡಿಕೆ. ನಿಜವಾದ ಹುಡುಗರ ಗಂಟಲು ಒಂದಲ್ಲ ಒಂದು ದಿನ ಒಡೆಯುತ್ತದಲ್ಲ! ಮೊದಲ ಕಂತಿನ ದಿನ ಅಕ್ಕನಿಗೆ ನೆಗಡಿ. "ಹೂದಾನಿ ನಾನು ಒಡೆದಿಲ್ಲ" ಎನ್ನುವ ಮೊದಲು ಸೊರಕ್ಕೆಂದು ಮೂಗೆಳೆದಳು. ನಿರ್ದೇಶಕರು ಬಿದ್ದು ಬಿದ್ದು ನಕ್ಕು, "ಇರ್ಲಿ ಬಿಡಮ್ಮಾ, ಇನ್ಮೇಲೆ ಇದೇ ಇವನ ಸುಳ್ಳಿನ ಸದ್ದು" ಅಂದರಂತೆ. ಅಂದಿನಿಂದ ಗುಂಡುಪಿನ್ನು ಮೂಗೆಳೆದನೆಂದರೆ ಹಿಂದೆಯೇ ಸುಳ್ಳು ಬಂತೆಂದೇ ಲೆಕ್ಕ. ಇದು ಹಾಲುಹಲ್ಲು ಬೀಳದ ಮಕ್ಕಳಿಗೂ ಗೊತ್ತು. ತಮ್ಮ ಕಚೇರಿಗೆ?

ಈಚೆಗೆ ಅಕ್ಕನ ಗಂಟಲಿಗೆ ಆಪರೇಷನ್ ಆಯಿತು. ಬಾಯಿ ಬಿಡಕೂಡದೆಂದು ಡಾಕ್ಟರ ಕಟ್ಟಪ್ಪಣೆ. ತಮ್ಮ ಕಚೇರಿಯ ಮಹನೀಯರೊಬ್ಬರು ಫೋನು ಮಾಡಿ, "ಮೇಡಂಗೆ ಆರಾಮಾಗಿ ರೆಸ್ಟ್ ತಗೊಳ್ಳೋಕೆ ಹೇಳಿ ಸಾರ್, ಅವ್ರು ಬರೋ ತನಕ ಹಳೇ ಕಂತುಗಳನ್ನೇ ಹಾಕ್ತೀವಿ" ಅಂದರು. ಮಾತಿಗೆ ಬೆಣ್ಣೆ ಹೆಚ್ಚಾಯಿತೆಂದು ನನಗೆ ಆಗಲೇ ಅನಿಸಿತ್ತು.

ಹೋದ ತಿಂಗಳು ನೋಡಿದರೆ ಹೊಚ್ಚಹೊಸ ಕಂತು! ಗುಂಡುಪಿನ್ನಿನ ಕಟ್ಟಡಕ್ಕೆ ಲಿಫ್ಟ್ ಬಂದಿದೆ, ಅವನು ಅದರೊಳಗೆ ಸಿಕ್ಕಿಕೊಂಡು ಒಂದೇ ಸಮನೆ ವಟಗುಟ್ಟುತ್ತಿದ್ದಾನೆ. ಅಕ್ಕ ನನ್ನ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ. ಅವಳ ದನಿ ಟೀವಿಯಲ್ಲಿ ಮಾತಾಡುತ್ತಿದೆ. ಹೊರಗೆ ಬಂದವನು ಅಜ್ಜಿಯನ್ನು ತಬ್ಬಿಕೊಂಡು, ಸೊರಕ್ಕೆಂದು ಮೂಗೆಳೆದು, "ಅಜ್ಜೀ, ನೀನಂದ್ರೆ ನಂಗೆ ತುಂಬಾ ಇಷ್ಟ" ಅಂದ.

ಅಕ್ಕ ದಡಕ್ಕನೆ ಎದ್ದಳು. "ಅಯ್ಯೋ, ಅವ್ನು ಅಜ್ಜಿ ಹತ್ರ ಮೂಗೆಳೆಯಲ್ಲ ಕಣೋ!"

"ಬಾಯ್ಮುಚ್ಚೇ ಮಾರಾಯ್ತಿ, ಡಾಕ್ಟರು ನನ್ನನ್ನ ಬೈತಾರೆ."

"ಬೈಸ್ಕೋ ಹೋಗು. ಆ ಮುದುಕಿಗೆ ಸುಳ್ಳು ಹೇಳ್ದೆ ಇರೋನು ಅವನೊಬ್ನೇ. ಅವನ ಬಾಯಲ್ಲೂ ಸುಳ್ಳು ಹೇಳಿಸ್ಬಿಟ್ರಲ್ಲೋ."

ಗೊಗ್ಗರು ದನಿಯಲ್ಲಿ ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು.

ಫೋನು ಮಾಡಿದರೆ ಅದೇ ಮಹನೀಯರು, "ಅದು ಹಳೇ ರೆಕಾರ್ಡಿಂಗೇ ಸಾರ್" ಅಂದರು. ಹೌದೇ? ಕಟ್ಟಡಕ್ಕೆ ಲಿಫ್ಟೇ ಇಲ್ಲದ ಕಾಲದಲ್ಲಿ ನನ್ನ ಅಕ್ಕ ಲಿಫ್ಟಿನಲ್ಲಿ ಸಿಕ್ಕಿಕೊಂಡು ಕೂಗಾಡಿದ್ದಳೇ? ಅವಳಿಗೆ ಕಾಲಜ್ಞಾನವಿದ್ದ ಸಂಗತಿ ಮನೆಯವರಾದ ನಮಗೇ ತಿಳಿಯದೆ ಹೋಯಿತಲ್ಲ! ನನ್ನ ಗುಮಾನಿ ಇಷ್ಟು: ಅವಳ ಹಳೆಯ ಮಾತುಗಳನ್ನೆಲ್ಲ ತಾವು ಯಾವುದೋ ಯಂತ್ರಕ್ಕೆ ಉಣ್ಣಿಸಿದ್ದೀರಿ. ಹುಡುಗ ಮೂಗೆಳೆಯುತ್ತಾನೆ ಎಂಬುದನ್ನು ಯಂತ್ರ ಕಲಿತಿದೆ. ಯಾವಾಗ ಎಳೆಯುವುದಿಲ್ಲ ಎಂಬುದನ್ನು ಯಾರು ಕಲಿಸಬೇಕು? ಅಕ್ಕನನ್ನು ಒಂದು ಮಾತು ಕೇಳಬೇಕೆಂದು ತಮಗೇಕೆ ತೋಚಲಿಲ್ಲ? ಮಾತಾಡಲಾರದವಳು ಬೇಡವೆನ್ನಲಾರಳು ಎಂದೇ? ಈಗ ಅವಳು ಮಾತಾಡಬಹುದೆಂದು ಡಾಕ್ಟರು ಹೇಳಿದ್ದಾರೆ. ವಿಚಿತ್ರವೆಂದರೆ ಆ ಸುದ್ದಿ ತಿಳಿಸಿದ ದಿನದಿಂದ ತಮ್ಮ ಕಚೇರಿಯವರು ನಮ್ಮ ಫೋನು ಎತ್ತುತ್ತಿಲ್ಲ.

ಆದ್ದರಿಂದ ಅಕ್ಕನನ್ನು ಮೈಕಿನ ಮುಂದೆ ಮತ್ತೆ ನಿಲ್ಲಿಸತಕ್ಕದ್ದು. ಅಜ್ಜಿಗೆ ಹೇಳಿದ ಆ ಮಾತನ್ನು ಅವಳಿಂದಲೇ, ಮೂಗೆಳೆಯದೆ, ಮತ್ತೊಮ್ಮೆ ಹೇಳಿಸಿ ಪ್ರಸಾರ ಮಾಡತಕ್ಕದ್ದು. ಒಪ್ಪಿಗೆಯನ್ನು ಮಾತ್ರ ಕಾಗದದಲ್ಲಿ ಕಳಿಸಬೇಡಿ, ಫೋನಿನಲ್ಲೇ ಹೇಳಿ. ತಾವು ಮಾತು ಶುರುಮಾಡುವ ಮೊದಲು ಮೂಗಿನ ಸದ್ದು ಬರುತ್ತದೋ ಇಲ್ಲವೋ, ಅಕ್ಕ ಕೇಳಿಸಿಕೊಳ್ಳಬೇಕಂತೆ.

ಇಂತಿ,
ಮೂರನೇ ಕ್ಲಾಸು ದಾಟದ ಹುಡುಗನೊಬ್ಬನ ಬಡಪಾಯಿ ಸೋದರಮಾವ