ಪೂಜೆಯಾದ ಕುದುರೆ

ಹಿಮಾಯತ್‌ನಗರ, ಹೈದರಾಬಾದ್
ಏಪ್ರಿಲ್ ೧೭, ಗುರುವಾರ

ಮುದ್ದಿನ ಮಗಳು ಸ್ನೇಹಲತಾಗೆ ಅವ್ವನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಮೈಗೆ ಏನೂ ಆಗಿಲ್ಲ, ಅಷ್ಟರ ಮಟ್ಟಿಗೆ ಕ್ಷೇಮ. ಕೈಯಲ್ಲಿ ಫೋನಿದ್ದೂ ಇವಳಿಗೇಕೆ ಕಾಗದದ ಹುಚ್ಚು ಎಂದು ನೀನು ನಗಬಹುದು. ಫೋನಿನಲ್ಲಿ ಶುರು ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀ, ನಿಮ್ಮಪ್ಪ ಎದುರು ಕೂತು ಸಾಕು ಸಾಕು ಎಂದು ಸನ್ನೆ ಮಾಡುತ್ತಾರೆ. ಈಗ ಅವರು ಕೋಠಿಯ ಅಂಗಡಿಗೆ ಹೋಗಿದ್ದಾರೆ. ಮನೆಯಲ್ಲಿ ನಾನೊಬ್ಬಳೇ. ನಾಗಪುರದ ನಿನ್ನ ಹಾಸ್ಟೆಲ್ಲಿಗೆ ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ. ಬ್ಯಾಂಕಿನ ಟ್ರೇನಿಂಗ್ ಮುಗಿಸಿ ಬಂದು ಒಂದು ಗುಟುಕು ಚಹಾ ಕುಡಿದು, ಆಮೇಲೆ ಓದು.

ಭಾನುವಾರ ಕಾಡಿಗೆ ಬೆಂಕಿ ಬಿದ್ದದ್ದು ನಿನಗೆ ಗೊತ್ತು. ಬೀಗರ ಕುದುರೆ ಫಾರ್ಮ್ ಸುಟ್ಟದ್ದೂ ಗೊತ್ತು. ಎಲ್ಲ ಕುದುರೆಗಳೂ ಪಾರಾದವು, ಒಂದು ಮಾತ್ರ ಆಳಿನ ತಪ್ಪಿನಿಂದ ಹೋಯಿತು ಎಂದು ನಿನಗೂ ಹೇಳಿರುತ್ತಾರೆ. ಸೋಮವಾರ ಫೋನ್ ಮಾಡಿದಾಗ ನೀನೂ, ಆ ಕುದುರೆ ವಿಷಯ ಬಿಡವ್ವ, ನಿನಗೇನೂ ಆಗಲಿಲ್ಲವಲ್ಲ ಎಂದೆ. ಬಿಡಲು ಆಗುತ್ತಿಲ್ಲ. ಹಳಸಿದ ಅನ್ನ ಬಾಯಲ್ಲಿಟ್ಟುಕೊಂಡು ನಾಲ್ಕು ದಿನದಿಂದ ತಿರುಗುತ್ತಿದ್ದೇನೆ. ಇವತ್ತು ಉಗುಳುತ್ತೇನೆ.

ಅವತ್ತು ನಾವು ಹೋದದ್ದು ಚಾಂದನಿಯ ಪೂಜೆಗೆ. ಮೇ ತಿಂಗಳಲ್ಲಿ ನಿಮ್ಮ ಮದುವೆಗೆ ರೋಹಿತ ಏರಿ ಬರಬೇಕಾಗಿದ್ದ ಬಿಳಿ ಹೆಣ್ಣುಕುದುರೆ ಅದು. ಊರಿನವರ ಮದುವೆಗಳಿಗೆಲ್ಲ ಕುದುರೆ ಬಾಡಿಗೆಗೆ ಕೊಡುವ ಮನೆತನ, ಸ್ವಂತ ಮಗನ ಮದುವೆಗೆ ಬಿಡುತ್ತಾರೆಯೆ? ಅವರ ಮನೆಯಲ್ಲೊಂದು ಪದ್ಧತಿ. ವರನ ಕುದುರೆಗೆ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡಿದ ಮೇಲೆ, ಮದುವೆಯಾಗುವ ತನಕ ಅದರ ಮೇಲೆ ಬೇರೆ ಯಾರೂ ಕೂರುವಂತಿಲ್ಲ, ಅದು ನಿಂತ ಜಾಗದಲ್ಲಿ ಬೇರೆ ಜೀವ ನಿಲ್ಲುವಂತಿಲ್ಲ. ನಿನ್ನ ಅತ್ತೆಯಾಗುವ ಶುಭಾಬಾಯಿ ಇದನ್ನು ಹೇಳುವಾಗ ನಾನೂ ಕೈಮುಗಿದು ತಲೆಯಾಡಿಸಿದೆ. ಒಳ್ಳೆಯ ಸಂಪ್ರದಾಯ ಎಂದೂ ಅಂದೆ. ನನ್ನ ಬಾಯಿಗೆ ಬೆಂಕಿ ಹಾಕ.

ಬೆಳಿಗ್ಗೆಯಿಂದಲೇ ಗುಡ್ಡದ ಮೇಲೆ ಹೊಗೆ ಇತ್ತು. ಬೀಡಿ ಎಲೆ ಕೀಳುವವರು ಹುಲ್ಲು ಸುಡುತ್ತಾರೆ, ಪ್ರತಿ ವರ್ಷ ಇದ್ದದ್ದೇ ಎಂದು ಎಲ್ಲರೂ ಹೋಳಿಗೆ ಉಂಡರು. ಮಧ್ಯಾಹ್ನ ಅರಣ್ಯ ಇಲಾಖೆಯವರು ಬಂದು, ಗಾಳಿ ತಿರುಗಿದರೆ ಬೆಂಕಿ ಇತ್ತ ಇಳಿಯುತ್ತದೆ, ಸಂಜೆಯೊಳಗೆ ಜನ ಜಾನುವಾರು ಎಲ್ಲ ಖಾಲಿ ಮಾಡಿ ಎಂದರು. ಆಗ ಶುರುವಾಯಿತು ನೋಡು ತಯಾರಿ. ಕುದುರೆಗಳ ನೈಲಾನ್ ಹಗ್ಗ ಬಿಚ್ಚಿ ಹತ್ತಿಯ ಹಗ್ಗ ಹಾಕಿದರು, ನೈಲಾನ್ ಕಾವಿಗೆ ಕರಗಿ ಚರ್ಮಕ್ಕೆ ಅಂಟುತ್ತದಂತೆ. ಕಾಲಿಗೆ ಒದ್ದೆ ಬಟ್ಟೆ ಸುತ್ತಿದರು, ಕಣ್ಣಿಗೆ ಕಟ್ಟಲು ಟವೆಲ್ ನೆನೆಸಿದರು. ತಪ್ಪಿಸಿಕೊಂಡರೆ ಸಿಗಲಿ ಎಂದು ಪಕ್ಕೆಯ ಮೇಲೆ ಬಣ್ಣದಲ್ಲಿ ಫೋನ್ ನಂಬರು ಬರೆದರು. ಮೂಕಪ್ರಾಣಿ, ಮಾಡಬೇಕಾದದ್ದೇ. ಅದಕ್ಕೆ ನನ್ನ ತಕರಾರಿಲ್ಲ.

ಆದರೆ ಲಾಯದ ಹಿಂದೆ ತಗಡಿನ ಶೆಡ್ಡುಗಳಿದ್ದವು. ಕುದುರೆಗಳ ಚಾಕರಿ ಮಾಡುವ ಯಾದಗಿರಿ ಕಡೆಯ ಸಂಸಾರಗಳು ಅಲ್ಲಿದ್ದವು. ಅವರಿಗೇನು ತಯಾರಿ ಗೊತ್ತೆ? ನಿನ್ನ ಮಾವ ಶಿವಾನಂದ ಅವರು ಕುರ್ಚಿಯಿಂದ ಏಳದೆ, ನೀವು ನಿಮ್ಮ ಗಂಟು ಕಟ್ಕೊಂಡು ನಿಂದರ್ರಿ, ಲಾರಿ ಹೊಳ್ಳಿ ಬಂದ ಮ್ಯಾಲೆ ನೋಡೋಣು ಅಂದರು. ಮುಗಿಯಿತು. ಶಂಕ್ರಮ್ಮ ಅಂತ ಒಬ್ಬಳು, ಹಿರಿಯ ಆಳು ಮೌನಪ್ಪನ ಹೆಂಡತಿ, ಸೊಂಟದಲ್ಲಿ ಹಾಲು ಕುಡಿಯುವ ಕೂಸು. ಹೊಗೆಗೆ ಅಳುತ್ತಿದ್ದ ಅದರ ಮುಖ ಒರೆಸಲು ಟ್ಯಾಂಕರಿನ ನಲ್ಲಿಗೆ ಸೆರಗು ಹಿಡಿದಳು. ಶುಭಾಬಾಯಿ ಪಡಸಾಲೆಯಿಂದಲೇ, ಏ ಅದು ಕುದ್ರಿ ನೀರೈತಿ, ಕೈ ಹಚ್ಚಬ್ಯಾಡ ಎಂದು ಕೂಗಿದರು. ಶಂಕ್ರಮ್ಮ ನಲ್ಲಿ ನಿಲ್ಲಿಸಿ, ತಪ್ಪಾತ್ರಿ ಅಮ್ಮಾರ ಅಂದಳು. ಆಗಲೇ ನಾನು ಬಾಯಿ ಬಿಡಬೇಕಿತ್ತು. ಬೀಗರ ಮನೆ, ಮಗಳ ಕಡೆಯವಳು ಎಂದು ಸುಮ್ಮನಾದೆ.

ದೊಡ್ಡ ಲಾರಿಗಳಲ್ಲಿ ಕುದುರೆಗಳೂ ಅವುಗಳ ಹಗ್ಗ ಹಿಡಿಯಲು ಗಂಡಸರೂ ಹೋದರು. ನಿಮ್ಮಪ್ಪ ನಮ್ಮ ಕಾರಿನಲ್ಲಿ ಬೀಗ ಬೀಗತಿಯನ್ನು ಕೂರಿಸಿಕೊಂಡು ಹೊರಟರು. ಹಿಂದಿನ ಸೀಟಿನ ಅರ್ಧಕ್ಕೆ ಅವರ ಬೆಳ್ಳಿಯ ದೀಪದ ಕಂಬಗಳು ಮಲಗಿದ್ದವು. ಹಾಗಾಗಿ ನನಗೆ ಜಾಗವಿಲ್ಲ. ನೀನು ಚಾಂದನಿ ಲಾರಿಯಾಗ ಮುಂದ ಕೂತು ಬಾ ಎಂದರು ನಿಮ್ಮಪ್ಪ. ಹೌದು, ಪೂಜೆಯಾದ ಕುದುರೆಗೆ ಬೇರೆ ಲಾರಿ. ಚಿಕ್ಕದು, ಆದರೆ ಅದೊಂದಕ್ಕೇ. ಮೌನಪ್ಪ ಅದನ್ನು ಹತ್ತಿಸಿ, ಕಟ್ಟಿ, ಶೆಡ್ಡಿನಲ್ಲಿ ಮಲಗಿದ್ದ ತನ್ನ ಮುದಿ ತಾಯಿಯನ್ನು ಎತ್ತಿ ತರಲು ಹೋದ. ರೋಹಿತ ಹೆಲ್ಮೆಟ್ ಹಾಕಿಕೊಂಡು ಗೇಟಿನ ಹತ್ತಿರ ಮೋಟರ್ ಸೈಕಲ್ ಮೇಲಿದ್ದ, ಎಲ್ಲರೂ ಹೋದ ಮೇಲೆ ಹೊರಡುತ್ತೇನೆ ಎಂದು.

ಅಷ್ಟರಲ್ಲಿ ಗಾಳಿ ತಿರುಗಿತು. ಸ್ನೇಹಾ, ಬೆಂಕಿಗೆ ಅಂಥ ಸದ್ದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಒಣಹುಲ್ಲಿನ ಆ ಬಯಲೆಲ್ಲ ಒಂದೇ ಸಲ ಚಟಚಟ ಎನ್ನತೊಡಗಿತು. ಡ್ರೈವರ್ ಪೋದಾಂ ಅಮ್ಮಾ, ಪೋದಾಂ ಎಂದು ತೆಲುಗಿನಲ್ಲಿ ಹೊರಡಲು ಅವಸರಿಸುತ್ತ ಹಾರ್ನ್ ಒತ್ತುತ್ತಿದ್ದ. ಲಾರಿಯ ಪಕ್ಕದಲ್ಲಿ ಶಂಕ್ರಮ್ಮ, ಇನ್ನೂ ಕೆಲವು ಹೆಂಗಸರು, ಮಕ್ಕಳು, ತಲೆಯ ಮೇಲೆ ಗಂಟು. ಒಬ್ಬರೂ ಹತ್ತುತ್ತೇವೆ ಎನ್ನಲಿಲ್ಲ. ನಾನೇ ಹಿಂದಿನ ಬಾಗಿಲ ಕೊಂಡಿ ತೆಗೆದು ಹತ್ತ್ರೇ ಎಂದೆ. ಪೂಜಿ ಕುದ್ರಿರೀ ಅಮ್ಮಾರ, ಬ್ಯಾಡ್ರಿ, ಸಾವ್ಕಾರ್ರು ಬೈತಾರ ಅಂದಳು ಶಂಕ್ರಮ್ಮ. ಬೆನ್ನ ಹಿಂದೆ ಬೆಂಕಿ, ಬಾಯಲ್ಲಿ ಸಾವ್ಕಾರರ ಹೆದರಿಕೆ! ಬೈದು ಒಂದು ಹುಡುಗಿಯನ್ನು ನಾನೇ ಎತ್ತಿ ಒಳಗಿಟ್ಟೆ. ಕುದುರೆ ಹೊಗೆಗೆ ಬೆದರಿ ಒದೆಯಿತು, ಹಲಗೆ ಸೀಳಿತು. ಹುಡುಗಿಯನ್ನು ಎಳೆದುಕೊಂಡೆ.

ಆಮೇಲೆ ನಾನು ಮಾಡಿದ್ದನ್ನು ಬರೆಯುತ್ತೇನೆ, ಸರಿಯಾಗಿ ಓದು. ಚಾಂದನಿಯ ಹಗ್ಗ ಬಿಚ್ಚಿದ್ದು ನಾನು. ಕೆಳಗಿಳಿಸಿದ್ದು ನಾನು. ಇಳಿದ ಮೇಲೆ ಹಗ್ಗ ಬಿಟ್ಟುಬಿಟ್ಟೆ. ನಮ್ಮ ತವರಿನ ಆಕಳುಗಳನ್ನು ಕಂಡವಳು ನಾನು. ಬಿಟ್ಟರೆ ಬೆಂಕಿಯಿಂದ ದೂರ ಓಡಿ ಜೀವ ಉಳಿಸಿಕೊಳ್ಳುತ್ತದೆ, ಪಕ್ಕೆಯ ಮೇಲೆ ನಂಬರ್ ಇದೆ, ಯಾರಾದರೂ ಹಿಡಿಯುತ್ತಾರೆ ಎಂದುಕೊಂಡೆ. ಕುದುರೆಯ ಜಾತಿಯೇ ಬೇರೆಯಂತೆ. ಹೆದರಿದ ಕುದುರೆಗೆ ಗೊತ್ತಿರುವ ಸುರಕ್ಷಿತ ಜಾಗ ಒಂದೇ, ತನ್ನ ಲಾಯ. ಅದು ತಿರುಗಿ ಹುಲ್ಲಿನ ಸೂರಿನ ಆ ಲಾಯಕ್ಕೇ ನುಗ್ಗಿತು. ಸೂರಿಗೆ ಆಗಲೇ ಕಿಡಿ ಬಿದ್ದಿತ್ತು.

ತಾಯಿಯನ್ನು ಬೆನ್ನ ಮೇಲೆ ಹೊತ್ತು ಬಂದ ಮೌನಪ್ಪ ಅದನ್ನು ನೋಡಿದ. ಮುದುಕಿಯನ್ನು ನನ್ನ ಕಾಲ ಹತ್ತಿರ ಇಳಿಸಿ ಲಾಯದ ಕಡೆ ಓಡಿದ, ಬಾಗಿಲ ತನಕ ಹೋಗಿ ಕಾವಿಗೆ ಹಿಂದೆ ಬಂದ. ಹುಬ್ಬು ಸುಟ್ಟಿದ್ದವು. ಒಳಗಿನಿಂದ ಚಾಂದನಿಯ ಕೂಗು ಕೇಳುತ್ತಿತ್ತು. ಅವನು ನನ್ನ ಮುಖ ನೋಡಿದ, ಆಮೇಲೆ ಒಬ್ಬೊಬ್ಬರನ್ನೇ ಎತ್ತಿ ಲಾರಿಗೆ ಹಾಕಿದ. ನಾವು ಗೇಟು ದಾಟುವಾಗ ಶೆಡ್ಡಿನ ತಗಡುಗಳು ಕೆಂಪಾಗಿದ್ದವು. ಎರಡನೇ ಸಲ ಲಾರಿ ಬರಲು ಅಲ್ಲಿ ದಾರಿಯೇ ಉಳಿದಿರಲಿಲ್ಲ. ಚಾಂದನಿಗಾಗಿ ನಾನು ಅತ್ತಿದ್ದೇನೆ. ಆದರೆ ಆ ಮಕ್ಕಳು ಬದುಕಿದ್ದಾರೆ, ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ.

ಈಗ ಮುಂದಿನ ಹೇಸಿಗೆ ಕೇಳು. ಉಳಿದ ಕುದುರೆಗಳು ಬೇಗಂಪೇಟೆಯ ಒಂದು ಫಂಕ್ಷನ್ ಹಾಲಿನ ಹುಲ್ಲುಹಾಸಿನ ಮೇಲಿವೆ. ಮದುವೆಯವರಿಗೆ ಇಡುವ ಆಳೆತ್ತರದ ಕೂಲರುಗಳನ್ನು ಅವುಗಳ ಮುಂದೆ ಇಟ್ಟಿದ್ದಾರೆ. ಆಳುಗಳ ಸಂಸಾರಗಳು ಯಾವುದೋ ಶಾಲೆಯ ಜಗುಲಿಯ ಮೇಲಿವೆ. ಮಂಗಳವಾರ ಬೀಗರು ಪೊಲೀಸರಿಗೆ ದೂರು ಕೊಟ್ಟರು. ಮೌನಪ್ಪ ಹಗೆ ಸಾಧಿಸಲು ಪೂಜೆಯ ಕುದುರೆಯನ್ನು ಬಿಚ್ಚಿ ಬೆಂಕಿಗೆ ಬಿಟ್ಟನಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವನು ಈಗ ಠಾಣೆಯಲ್ಲಿದ್ದಾನೆ. ಹೊಡೆದಿದ್ದಾರೆ. ನನ್ನ ಹೆಸರು ಅವನ ಬಾಯಿಂದ ಬಂದಿಲ್ಲ. ಯಾಕೆಂದು ತಿಳಿಯದು. ಹೇಳಿದರೂ ಯಾರು ನಂಬುತ್ತಾರೆ ಎಂದಿರಬೇಕು.

ನಿಮ್ಮಪ್ಪನಿಗೆ ಆ ರಾತ್ರಿಯೇ ಎಲ್ಲ ಹೇಳಿದ್ದೆ. ಅವರು ಬಾಗಿಲು ಹಾಕಿ ಬಂದು, ಲಗ್ನ ಒಂದು ಆಗಿ ಹೋಗ್ಲಿ ಗಿರಿಜಾ, ಆಮ್ಯಾಲೆ ಅವಂಗ ಏನರ ದಾರಿ ಮಾಡೋಣು, ಈಗ ಬಾಯಿ ಮುಚ್ಚು ಅಂದರು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡಿದ್ದೇವೆ. ನಿನ್ನೆ ಅವರು ಉಂಡ ತಟ್ಟೆ ತೊಳೆಯಲು ನನಗೆ ಅಸಹ್ಯವಾಯಿತು.

ನಾಳೆ ಬೆಳಿಗ್ಗೆ ನಾನು ಠಾಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಬೀಗರು ಮದುವೆ ಬೇಡ ಎನ್ನಬಹುದು. ಇದು ನಿನ್ನ ಬಾಳಿನ ಪ್ರಶ್ನೆ, ಬೇರೆಯವರ ಬಾಯಿಂದ ನಿನಗೆ ತಿಳಿಯಬಾರದು ಎಂದು ಬರೆದೆ. ರೋಹಿತನ ಮೇಲೆ ನಿನಗೆ ಎಷ್ಟು ಮನಸ್ಸಿದೆ ಎಂದು ನಾನು ಬಲ್ಲೆ. ಅವನ ಮೇಲೆ ನನ್ನದೇನೂ ದೂರಿಲ್ಲ. ಎಲ್ಲರೂ ಓಡಿದಾಗ ಕೊನೆಗೆ ನಿಂತವನು ಅವನೊಬ್ಬನೇ. ಹೇಳಿದರೆ ಅರ್ಥ ಮಾಡಿಕೊಂಡಾನು, ಅಪ್ಪ ಅಮ್ಮನ ಎದುರು ನಿನ್ನ ಕೈ ಹಿಡಿದಾನು ಎಂಬ ಆಸೆ ಇನ್ನೂ ಇದೆ. ನಾಳೆ ಅವನನ್ನೇ ಜೊತೆಗೆ ಬಾ ಎಂದು ಕರೆಯುತ್ತೇನೆ. ನೀನೂ ಒಂದು ಮಾತು ಹೇಳು.

ಹೊತ್ತಿಗೆ ಸರಿಯಾಗಿ ಉಣ್ಣು, ಮೆಸ್ಸಿನ ಸಾರಿನ ಮೇಲೆ ಸಿಟ್ಟು ಮಾಡಿ ಉಪವಾಸ ಮಲಗಬೇಡ.

ನಿನ್ನ ಅವ್ವ,
ಗಿರಿಜಾಬಾಯಿ

ತಾ. ಕ.: ಶುಕ್ರವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಈಗಷ್ಟೇ ರೋಹಿತನಿಗೆ ಫೋನ್ ಮಾಡಿ ಕುದುರೆ ಬಿಚ್ಚಿದ್ದು ನಾನು, ಠಾಣೆಗೆ ಬಾಪ್ಪಾ ಎಂದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ನಾ ಗೇಟಿನಿಂದ ಎಲ್ಲಾ ನೋಡೀನ್ರಿ ಅತ್ತಿ, ನಿಮ್ಮ ಹೆಸರು ಬರಬಾರದಂತ ಮೌನಪ್ಪನ ಹೆಸರು ಹೇಳಿದಾಂವ ನಾನಽ ಅಂದ. ಉಪಕಾರ ಮಾಡಿದವನ ದನಿಯಲ್ಲಿ ಅಂದ. ಆಮೇಲೆ, ಚಿಂತಿ ಮಾಡಬ್ಯಾಡ್ರಿ, ಸ್ನೇಹಾಗೂ ಭಾನುವಾರ ರಾತ್ರಿನಽ ಹೇಳೀನಿ, ಆಕಿ ಭಾಳ ಛಲೋ ಮಾಡಿದಿ ಅಂದಾಳ ಎಂದ. ನಾನು ಠಾಣೆಗೆ ಹೊರಟಿದ್ದೇನೆ, ಒಬ್ಬಳೇ. ದಾರಿಯಲ್ಲಿ ಇದನ್ನು ಪೋಸ್ಟ್ ಮಾಡುತ್ತೇನೆ. ಅವನು ಹೇಳಿದ್ದು ಸುಳ್ಳಾದರೆ ಕಾಗದ ಕೈಗೆ ಬಂದ ಕೂಡಲೇ ಫೋನ್ ಮಾಡು. ನಿಜವಾದರೆ ಮಾಡಬೇಡ ಮಗಳೇ. ಸ್ವಲ್ಪ ದಿನ ನಿನ್ನ ದನಿ ಕೇಳಲು ನನ್ನಿಂದ ಆಗುವುದಿಲ್ಲ.