ನಿಜವಾದ ದಿನ, ತಿಳಿದ ದಿನ

ಮಾರ್ಚ್ 4, ಸೋಮವಾರ

ಮತ್ತೆ ಆಸ್ಪತ್ರೆಯ ಸಿಬ್ಬಂದಿ ದಾಖಲೆ. ಎಲ್ಲವೂ ಎಕ್ಸ್‌ಎಂಎಲ್, ಒಂದೊಂದು ವಿವರಕ್ಕೂ ಗುರುತುಪಟ್ಟಿ ಹಚ್ಚಿದ ಕಂಪ್ಯೂಟರ್ ಕಡತ. ಪ್ರತಿ ಸಂಗತಿಗೂ ಎರಡು ತಾರೀಕು ಅಂಟಿಸುತ್ತಿದ್ದೇನೆ — ಒಂದು, ಅದು ನಿಜವಾದ ದಿನ; ಇನ್ನೊಂದು, ಅದು ಕಚೇರಿಗೆ ತಿಳಿದ ದಿನ. ಅಲ್ಲಿನ ಗುಮಾಸ್ತರು ಬೆಳಗ್ಗೆಯಿಂದ ತಲೆ ತಿಂದರು. ಹೋದ ತಿಂಗಳು ಒಬ್ಬ ನರ್ಸ್ ಒಂದನೇ ತಾರೀಕಿಗೇ ಬೇರೆ ವಾರ್ಡಿಗೆ ಹೋಗಿದ್ದಾರೆ. ಕಾಗದ ಬಂದದ್ದು ಇಪ್ಪತ್ತಕ್ಕೆ.

"ಹಳೇದನ್ನ ಅಳಿಸ್ಬಿಡಿ ಮೇಡಂ, ಪೀಡೆ ಹೋಗ್ಲಿ."

"ಅಳಿಸೋ ಹಾಗಿಲ್ಲ ಸಾರ್. ಹತ್ತನೇ ತಾರೀಕು ನೀವು ಏನಂತ ತಿಳ್ಕೊಂಡಿದ್ರಿ ಅಂತ ನಾಳೆ ಯಾರಾದ್ರೂ ಕೇಳಿದ್ರೆ?"

"ತಪ್ಪು ತಿಳ್ಕೊಂಡಿದ್ದೆ ಅಂತೀನಿ!"

ಇಬ್ಬರೂ ನಕ್ಕೆವು. ಸಂಜೆ ಗಂಡನಿಗೆ ಹೇಳಿದೆ. ನಗಲಿಲ್ಲ ಮಹಾರಾಯ. ಈಚೆಗೆ ಯಾವಾಗಲೂ ಇದೇ ಮುಖ... ಕೆಲಸದ ಒತ್ತಡವಂತೆ.

ಮಾರ್ಚ್ 9, ಶನಿವಾರ

ಹೇಳಿಬಿಟ್ಟ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಕಾರಿನ ಕೀ ಹಿಡಿದುಕೊಂಡು.

"ನನ್ನ ಕೈಲಿ ಆಗ್ತಿಲ್ಲ. ಬೇರೆ ಯಾರೂ ಇಲ್ಲ, ನಿನ್ನಾಣೆ. ನಿನ್ನ ಮೇಲೆ ಮನಸ್ಸಿಲ್ಲ, ಅಷ್ಟೇ. ಎರಡು ವರ್ಷ ಆಯ್ತು."

ಎರಡು ವರ್ಷ! ನನಗೆ ತಿಳಿದದ್ದು ಇವತ್ತು.

ತನ್ನ ಅಕ್ಕನ ಮನೆಗೆ ಹೋದ. ಹಾಲು ಉಕ್ಕಿಹೋಗಿತ್ತು. ಒಲೆ ಒರೆಸಿದೆ.

ಮಾರ್ಚ್ 21

ಆಫೀಸಿಗೆ ಹೋಗುತ್ತಿದ್ದೇನೆ. ಊಟ ಸೇರುತ್ತಿಲ್ಲ.

ಆ ಎರಡು ವರ್ಷದೊಳಗೆ ಏನೇನು ಆಗಿತ್ತು ಎಂದು ನೋಡಿಕೊಂಡೆ. ಸಮುದ್ರ ನೋಡಲು ಹೋದದ್ದು. ಸೋಫಾದ ಬಣ್ಣಕ್ಕೆ ಕಿತ್ತಾಡಿದ್ದು. ಅದೆಲ್ಲ ಹಾಳಾಗಲಿ. ಹೋದ ವರ್ಷ ಅಪ್ಪನ ಕೊನೆಯ ದಿನ — ಮಾತು ನಿಂತುಹೋಗಿತ್ತು, ನನ್ನ ಕೈ ಎತ್ತಿ ಇವನ ಕೈಯೊಳಗೆ ಇಟ್ಟರು. ಇವನು ಸಂಜೆಯವರೆಗೂ ಬಿಡಲಿಲ್ಲ. ಮಗಳು ಒಳ್ಳೆಯವನ ಕೈಯಲ್ಲಿದ್ದಾಳೆ ಎಂದು ನಂಬಿಕೊಂಡು ಅಪ್ಪ ಹೋದರು. ಅದೂ ಸುಳ್ಳೇ? ಬೇರೆ ಏನು ಬೇಕಾದರೂ ಹೋಗಲಿ, ಅದೊಂದನ್ನು ಬಿಟ್ಟುಕೊಡಲಾರೆ.

ಮಾರ್ಚ್ 26

ಗುಮಾಸ್ತರಿಗೆ ಡೆಮೊ. ಹತ್ತನೇ ತಾರೀಕು ನರ್ಸ್ ಎಲ್ಲಿದ್ದರು? ಹೊಸ ವಾರ್ಡ್. ಎಲ್ಲಿದ್ದಾರೆಂದು ಆವತ್ತು ನಂಬಿದ್ದೆವು? ಹಳೆಯ ವಾರ್ಡ್. ಕಂಪ್ಯೂಟರಿಗೆ ಹಾಕಿದ ಕ್ವೆರಿ ಎರಡು ಪ್ರಶ್ನೆಗೂ ಉತ್ತರ ಕೊಟ್ಟಿತು.

"ಆಮೇಲೆ ಎಷ್ಟೇ ತಿದ್ದಿದ್ರೂ ಆವತ್ತು ನಂಬಿದ್ದು ಹಾಗೇ ಉಳಿಯುತ್ತೆ ಸಾರ್" ಎಂದು ಹೇಳಿ ಪರದೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಅವರು ನೀರಿನ ಬಾಟಲಿ ನನ್ನ ಕಡೆ ಸರಿಸಿದರು. ಪುಣ್ಯಾತ್ಮರು.

ಅಪ್ಪ ನಂಬಿಕೊಂಡೇ ಹೋದರಲ್ಲ. ಅದನ್ನು ಯಾರೂ ತಿದ್ದಲಾರರು. ಇವತ್ತು ನಾಲ್ಕು ತುತ್ತು ಹೊಟ್ಟೆಗೆ ಇಳಿಯಿತು.

ಮಾರ್ಚ್ 30, ಶನಿವಾರ, ಮಧ್ಯಾಹ್ನ

ಬಟ್ಟೆ ತೆಗೆದುಕೊಂಡು ಹೋಗಲು ಬಂದ. ಕೇಳಬಾರದು ಅಂದುಕೊಂಡಿದ್ದೆ. ಕೇಳಿಯೇ ಬಿಟ್ಟೆ.

"ಅಪ್ಪ ನನ್ನ ಕೈನ ನಿನ್ನ ಕೈಲಿ ಇಟ್ರಲ್ಲ... ಆಗಲೂ ಮನಸ್ಸಿರ್ಲಿಲ್ವಾ?"

ಸೂಟ್‌ಕೇಸಿನ ಜಿಪ್ ಅರ್ಧಕ್ಕೆ ನಿಂತಿತು.

"ಮನಸ್ಸಿಲ್ಲ ಅಂತ ಮಾವನಿಗೆ ಅದಕ್ಕೂ ಮೊದಲೇ ಹೇಳಿದ್ದೆ. 'ನಾನಿರೋ ತನಕ ಇದ್ದುಬಿಡಪ್ಪ, ನಾನು ಹೋಗೋವಾಗ ಅವಳು ಒಬ್ಬಳೇ ಇರೋದು ಬೇಡ' ಅಂದ್ರು. ಆವತ್ತು ಕೈ ಇಟ್ಟಿದ್ದು... ಆ ಮಾತು ನೆನಪು ಮಾಡೋಕೆ. ಆಮೇಲೆ ನಿಂಗೆ ಹೇಳೋಕೆ ನಂಗೆ ಧೈರ್ಯ ಬರ್ಲಿಲ್ಲ."

ಹೋದ. ಬಾಗಿಲು ಹಾಕಿಕೊಳ್ಳಲು ಇನ್ನೂ ಎದ್ದಿಲ್ಲ.

ಅಪ್ಪನಿಗೆ ಗೊತ್ತಿತ್ತು. ನನಗಿಂತ ಮೊದಲೇ. ಗೊತ್ತಿದ್ದೂ ಆವತ್ತು ನನ್ನ ಮುಖ ನೋಡಿ ನಕ್ಕರು. ನಾನೂ ನಕ್ಕೆ, ಪೆದ್ದಿ. ಅಪ್ಪಾ, ನನ್ನ ಕೈ ಎತ್ತಿ ಅವನಿಗೆ ಕೊಡುವಾಗ ನಿಮಗೆ ಎಷ್ಟು ಸಂಕಟವಾಗಿತ್ತೋ...