ನೇಶೆತ್ ಎಫೆಂದಿಯ ನಾಲ್ವರು ಹೆಂಡಿರು

ಉಸ್ಕುದಾರ್,
ಶಾಬಾನ್ ೧೨, ಮಂಗಳವಾರ

ಪ್ರೀತಿಯ ನೇಶೆತ್ ಎಫೆಂದಿಯವರಿಗೆ ಬೆಹಿಜೆಯ ಸಲಾಮುಗಳು.

ಯೆಮೆನ್‌ನ ಬಿಸಿಲಲ್ಲಿ ನಿಮ್ಮ ಆರೋಗ್ಯ ಹೇಗಿದೆ? ಜ್ವರ ಮರುಕಳಿಸಿಲ್ಲ ತಾನೆ? ಸುಂಕದ ಕಚೇರಿಯಲ್ಲಿ ಕೂತು ಊಟ ಮರೆಯಬೇಡಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅತ್ತೆಯವರ ಮಂಡಿನೋವು ಕಡಿಮೆಯಾಗಿದೆ, ಬೈಗುಳ ಮಾತ್ರ ಕಡಿಮೆಯಾಗಿಲ್ಲ.

ಹೋದ ವರ್ಷ ಇಂಗ್ಲಿಷ್ ದೊರೆಸಾನಿಯೊಬ್ಬಳು ನಮ್ಮ ಮನೆ ನೋಡಲು ಬಂದಿದ್ದಳಲ್ಲ, ಅವಳು ಪುಸ್ತಕ ಬರೆದಿದ್ದಾಳೆ. ನಮ್ಮ ದುರ್ದಾನೆಗೆ ನಿಶ್ಚಯವಾಗಿರುವ ವರ ಅದನ್ನು ಓದಿ, ನಮ್ಮ ಮನೆಯ ವಿಚಾರವಿದ್ದ ಪುಟಗಳನ್ನು ತುರ್ಕಿಯಲ್ಲಿ ಬರೆದು ತಾಯಿಯ ಕೈಲಿ ಕಳಿಸಿದ್ದಾನೆ. ಅದರ ಪ್ರಕಾರ ನಿಮಗೆ ನಾಲ್ವರು ಹೆಂಡಿರು! ಅವತ್ತು ಅವಳ ಜೊತೆ ಬಂದಿದ್ದ ದುಭಾಷಿ ಹೊಟ್ಟೆ ಬಿರಿಯ ತಿಂದು ದಿಂಬಿಗೊರಗಿ ನಿದ್ದೆಹೋದಳು. ಈ ಪುಣ್ಯಾತ್ಗಿತ್ತಿ ದೊರೆಸಾನಿ ಒಳಬಾಗಿಲಲ್ಲಿ ಬಿಟ್ಟಿದ್ದ ನಮ್ಮ ನಾಲ್ಕು ಜೊತೆ ಚಪ್ಪಲಿಗಳನ್ನು ಎಣಿಸಿಕೊಂಡು ಹೋಗಿದ್ದಾಳೆ. ಅತ್ತೆಯವರು ಹಿರಿಯ ಹೆಂಡತಿ, ನಿಮಗೆ ಹಾಲೂಡಿಸಿದ ಗುಲ್ಫೆಮ್ ದಾದಿ ಎರಡನೆಯವಳು, ನಾನು ಮೂರನೆಯವಳು. ಅಂತೂ ಅರವತ್ತೈದಕ್ಕೆ ನನಗೆ ಮತ್ತೆ ಗಂಡ ಸಿಕ್ಕಿದನಲ್ಲ ಎಂದು ದಾದಿ ಬೊಚ್ಚುಬಾಯಲ್ಲಿ ನಕ್ಕಳು. ನಾನೂ ನಕ್ಕೆ. ಆದರೆ ನಾಲ್ಕನೆಯವಳು ನಿಮ್ಮ ತಂಗಿ ದುರ್ದಾನೆ. ಪಂಜರದಲ್ಲಿ ಕಣ್ಣೀರಿಡುವ ಹದಿನೇಳರ ಎಳೆಯ ಹೆಂಡತಿ ಎಂದು ಹೆಸರು ಸಮೇತ ಬರೆದಿದ್ದಾಳೆ. ಪಾಪ, ಹುಡುಗಿ ಅವತ್ತು ದವಡೆಹಲ್ಲಿನ ನೋವಿಗೆ ಲವಂಗ ಕಚ್ಚಿಕೊಂಡು ಕೂತಿದ್ದಳು.

ಆ ಪುಟಗಳನ್ನು ಹಿಡಿದುಕೊಂಡು ವರನ ತಾಯಿ ಸಾಫಿಯೆ ಹನಿಮ್ ಶುಕ್ರವಾರ ಬಂದರು. ಹೆಣ್ಣು ನೋಡಲು ಬಂದಾಗ ದುರ್ದಾನೆ ತಂದುಕೊಟ್ಟ ಕಾಫಿಯನ್ನು ಬಾಯಿತುಂಬ ಹೊಗಳಿದವರು ಈ ಸಲ ಬಟ್ಟಲು ಮುಟ್ಟಲಿಲ್ಲ. "ನಾನು ನಂಬಲ್ಲಮ್ಮ. ಆದ್ರೆ ಅಚ್ಚಾಗಿ ಬಂದಿದೆಯಲ್ಲ, ನಾಲ್ಕು ಜನ ಕೇಳಿದ್ರೆ ಏನು ಹೇಳ್ಲಿ? ಅವಳು ತಂಗೀನೇ ಅಂತ ನೇಶೆತ್ ಎಫೆಂದಿ ಒಂದು ಕಾಗದ ಬರೆದು ಮೊಹರು ಹಾಕಿಕೊಡ್ಲಿ" ಎಂದರು. ಇಪ್ಪತ್ತು ವರ್ಷದಿಂದ ನಮ್ಮ ಜೊತೆ ಒಂದೇ ಹಮಾಮಿನಲ್ಲಿ ಮಿಂದವರು, ದುರ್ದಾನೆ ಹುಟ್ಟಿದಾಗ ಬಾಣಂತಿ ಮನೆಯ ಶರಬತ್ತು ಕುಡಿದು ಹೋದವರು! ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಆರು ವರ್ಷ ಕಸೂತಿ ಹಾಕಿ ಅವಳು ಮದುವೆಗೆಂದು ತುಂಬಿಸಿಟ್ಟ ಪೆಟ್ಟಿಗೆ ನೆನೆದು, ಆಗಲಿ, ಬರೆಸಿ ತರಿಸುತ್ತೇನೆ ಎಂದೆ. ಕಾಗದ ಬಾರದಿದ್ದರೆ ಮದುವೆ ನಿಲ್ಲುತ್ತದೆ. ಸಿಟ್ಟು ಮಾಡಿಕೊಳ್ಳದೆ ಮೊದಲ ಹಡಗಿಗೇ ಕಳಿಸಿ.

ಅತ್ತೆಯವರೂ ದಾದಿಯೂ ಆಶೀರ್ವಾದ ತಿಳಿಸಿದ್ದಾರೆ. ಅಲ್ಲಾಹ್ ನಿಮ್ಮನ್ನು ಬೇಗ ಮನೆ ಸೇರಿಸಲಿ.

ನಿಮ್ಮ ಒಬ್ಬಳೇ ಹೆಂಡತಿ,
ಬೆಹಿಜೆ

ಇನ್ನೊಂದು ಮಾತು: ಲಕೋಟೆ ಅಂಟಿಸುವ ಮುಂಚೆ ದುರ್ದಾನೆ ಇದನ್ನು ಓದಿದಳು. ತುಂಬ ಹೊತ್ತು ಅತ್ತಳು. ಆಮೇಲೆ ಮುಖ ತೊಳೆದು ಬಂದು, "ಅಣ್ಣನ ಮೊಹರು ನೋಡಿ ನನ್ನನ್ನ ನಂಬೋ ಮನೆಗೆ ನಾನು ಹೋಗಲ್ಲ ಅತ್ತಿಗೆ" ಎಂದು ನಿಶ್ಚಿತಾರ್ಥದ ಉಂಗುರ ತೆಗೆದು ನನ್ನ ಕೈಯಲ್ಲಿಟ್ಟಳು. ಅತ್ತೆಯವರಿಗೆ ಇನ್ನೂ ಹೇಳಿಲ್ಲ. ನೀವು ಏನೂ ಬರೆಯಬೇಡಿ. ಉಂಗುರ ವಾಪಸು ಕೊಡಲು ನಾನು ಈಗಲೇ ಹೊರಟಿದ್ದೇನೆ.